ಪೈಕ್ಸ್ ಪೀಕ್ ಅಭ್ಯಾಸದ ದಿನಗಳಲ್ಲಿ ಛಾಯಾಗ್ರಹಣ: ಹೋಗಿ ಬಂದವರ ಅನುಭವ

ಕೇಳಿಕೆ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಸಾಮಾನ್ಯವಾಗಿ ಜೂನ್ ಕೊನೆಯಲ್ಲಿ ನಡೆಯುವ ಪೈಕ್ಸ್ ಪೀಕ್ ಬೆಟ್ಟದ ಕಾರ್ ರೇಸಿಗೆ ಈ ಬಾರಿ ಹೋಗುವವನಿದ್ದೇನೆ. ಭಾನುವಾರದ ಸ್ಪರ್ಧೆಯ ಜೊತೆಗೆ ಆ ವಾರದ ಅಭ್ಯಾಸದ ದಿನಗಳಲ್ಲಿಯೂ ಚಿತ್ರ ತೆಗೆಯುವ ಆಸೆಯಿದೆ. ನನ್ನ ಬಳಿ 24–70 ಮತ್ತು 70–200 ಮಿ.ಮೀ. ಲೆನ್ಸುಗಳಿವೆ. ಎಲ್ಲಿ ನಿಲ್ಲಬೇಕು, ಬೆಳಕು ಹೇಗಿರುತ್ತದೆ, ಏನನ್ನು ಒಯ್ಯಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಭಾನುವಾರಕ್ಕಿಂತ ಅಭ್ಯಾಸದ ದಿನಗಳಿಗೇ ಹೆಚ್ಚು ಮಹತ್ವ ಕೊಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಸ್ಪರ್ಧೆಯ ದಿನ ಪ್ರತಿಯೊಂದು ಕಾರಿಗೂ ಬೆಟ್ಟ ಹತ್ತಲು ಒಂದೇ ಅವಕಾಶವಿರುತ್ತದೆ. ನೀವು ನಿಂತ ತಿರುವನ್ನು ಅದು ದಾಟಿತೆಂದರೆ ಆ ಕಾರಿನ ಮಟ್ಟಿಗೆ ನಿಮ್ಮ ಕೆಲಸ ಮುಗಿದಂತೆಯೇ. ಅಭ್ಯಾಸದ ಕ್ರಮವೇ ಬೇರೆ. ಸುಮಾರು 20 ಕಿಲೋಮೀಟರ್ ಉದ್ದದ, 156 ತಿರುವುಗಳ ದಾರಿಯನ್ನು ಕೆಳಗಿನದು, ನಡುವಿನದು, ಮೇಲಿನದು ಎಂದು ಮೂರು ಭಾಗ ಮಾಡಿ, ಸ್ಪರ್ಧಿಗಳನ್ನು ಗುಂಪುಗಳಾಗಿ ಹಂಚಿ, ದಿನಕ್ಕೊಂದು ಭಾಗದಂತೆ ಪ್ರತಿ ಗುಂಪಿಗೂ ಸರದಿಯಲ್ಲಿ ಕೊಡುತ್ತಾರೆ. ಗುಂಪಿನ ಕಾರುಗಳೆಲ್ಲ ತಮ್ಮ ಭಾಗವನ್ನು ಒಂದೊಂದಾಗಿ ಹತ್ತಿ, ಅದರ ತುದಿಯಲ್ಲಿ ಕಾದಿದ್ದು, ಒಟ್ಟಾಗಿ ನಿಧಾನವಾಗಿ ಕೆಳಗಿಳಿದು, ಮತ್ತೆ ಹತ್ತುತ್ತವೆ. ಹೀಗಾಗಿ ಅದೇ ಕಾರು ಅದೇ ತಿರುವಿನಲ್ಲಿ ಒಂದೇ ಬೆಳಗ್ಗೆ ಹಲವು ಸಲ ನಿಮ್ಮ ಮುಂದೆ ಹಾದುಹೋಗುತ್ತದೆ. ಮೊದಲ ಸುತ್ತಿನಲ್ಲಿ ಚಾಲಕ ಎಲ್ಲಿ ಬ್ರೇಕ್ ಹಾಕುತ್ತಾನೆ, ಯಾವ ಬದಿಯಿಂದ ತಿರುವಿಗೆ ಬೀಳುತ್ತಾನೆ ಎಂಬುದನ್ನು ಗಮನಿಸಿ ಸುರಕ್ಷಿತ ಚಿತ್ರವೊಂದನ್ನು ತೆಗೆದಿಟ್ಟುಕೊಂಡರೆ, ಉಳಿದ ಸುತ್ತುಗಳನ್ನು ಧೈರ್ಯವಾಗಿ ಪ್ರಯೋಗಕ್ಕೆ ಬಳಸಬಹುದು.

ಎಲ್ಲಿ ನಿಲ್ಲಬೇಕೆಂಬುದು ನಿಮಗೆ ಬೇಕಾದ ಕಾರು ಆ ದಿನ ಯಾವ ಭಾಗದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಸಂಘಟಕರು ಪ್ರಕಟಿಸುವ ಗುಂಪುಗಳ ವೇಳಾಪಟ್ಟಿಯನ್ನು ನೋಡಿಕೊಂಡೇ ಟಿಕೆಟ್ ಕೊಳ್ಳುವುದು ಒಳ್ಳೆಯದು. 2,862 ಮೀಟರ್ ಎತ್ತರದ ಆರಂಭದ ಗೆರೆಯಿಂದ ಗ್ಲೆನ್ ಕೋವ್‌ವರೆಗಿನ ಕೆಳಭಾಗವು ಕಾಡಿನ ದಾರಿ. ಅರ್ಹತಾ ಸುತ್ತು ನಡೆಯುವುದೂ ಇಲ್ಲಿಯೇ ಆದ್ದರಿಂದ ಚಾಲಕರು ಇಲ್ಲಿ ಏನನ್ನೂ ಉಳಿಸಿಕೊಳ್ಳದೆ ಓಡಿಸುತ್ತಾರೆ. ಆದರೆ ಮರಗಳ ನೆರಳು ಬಹಳ ಹೊತ್ತು ಉಳಿಯುತ್ತದೆ. ಬಿಸಿಲು ಒಳಗೆ ಬಂದ ಮೇಲೂ ರಸ್ತೆಯ ಮೇಲೆ ತುಂಡುತುಂಡಾಗಿ ಬೀಳುತ್ತದೆ. ಗ್ಲೆನ್ ಕೋವ್‌ನಿಂದ ಡೆವಿಲ್ಸ್ ಪ್ಲೇಗ್ರೌಂಡ್‌ವರೆಗಿನ ನಡುಭಾಗದಲ್ಲಿ ಮರಗಳು ಮುಗಿದು, ಒಂದರ ಮೇಲೊಂದು ಮಡಚಿಕೊಂಡ ಹೇರ್‌ಪಿನ್ ತಿರುವುಗಳು ಬರುತ್ತವೆ. ಮೊದಲ ಬಾರಿ ಹೋಗುವವರಿಗೆ ನಾನು ಸೂಚಿಸುವುದು ಈ ಭಾಗವನ್ನೇ. ಒಂದು ಎತ್ತರದ ಜಾಗದಲ್ಲಿ ನಿಂತರೆ ಒಂದೇ ಕಾರನ್ನು ಕೆಳಗಿನ ತಿರುವಿನಲ್ಲಿ ದೂರದ ಕಣಿವೆಯ ಹಿನ್ನೆಲೆಯೊಡನೆ ಒಮ್ಮೆ, ಮುಂದಿನ ತಿರುವಿನಲ್ಲಿ ಹತ್ತಿರದಿಂದ ಇನ್ನೊಮ್ಮೆ ಹಿಡಿಯಬಹುದು, ಮತ್ತು ನಿಮ್ಮ ಎರಡೂ ಲೆನ್ಸುಗಳಿಗೆ ಇಲ್ಲಿ ಕೆಲಸವಿದೆ. ಅಲ್ಲಿಂದ 4,302 ಮೀಟರ್ ಎತ್ತರದ ಶಿಖರದವರೆಗಿನ ಮೇಲ್ಭಾಗದಲ್ಲಿ ಬಂಡೆ ಮತ್ತು ಆಕಾಶದ ಹೊರತು ಬೇರೇನೂ ಇಲ್ಲ. ಅಲ್ಲಿ ಕಾರನ್ನು ಚೌಕಟ್ಟಿನ ತುಂಬ ತೋರಿಸುವುದಕ್ಕಿಂತ, ಬಯಲಿನ ನಡುವೆ ಚಿಕ್ಕದಾಗಿ ಕಾಣುವಂತೆ ಅಗಲ ಲೆನ್ಸಿನಲ್ಲಿ ತೆಗೆಯುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೇಲ್ಭಾಗವನ್ನು ಭಾನುವಾರಕ್ಕೆಂದು ಮುಂದೂಡಬೇಡಿ. 2021ರಲ್ಲಿ ಶಿಖರದ ಹವಾಮಾನ ಕೆಟ್ಟು, ಸ್ಪರ್ಧೆಯನ್ನು ಡೆವಿಲ್ಸ್ ಪ್ಲೇಗ್ರೌಂಡ್‌ನಲ್ಲೇ ಮುಗಿಸಬೇಕಾಯಿತು.

ಈಗ ಬೆಳಕಿನ ವಿಷಯ. ಪ್ರವಾಸಿಗರಿಗೆ ರಸ್ತೆ ತೆರೆಯುವ ಮುನ್ನವೇ ಅಭ್ಯಾಸ ಮುಗಿಯಬೇಕಾದ್ದರಿಂದ ಬೆಳಗ್ಗೆ ಐದೂವರೆಯ ಸುಮಾರಿಗೆ, ಅಂದರೆ ಸೂರ್ಯೋದಯದ ಹೊತ್ತಿಗೇ, ಕಾರುಗಳು ಹೊರಡುತ್ತವೆ. ಮೊದಲ ಸುತ್ತಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಳತೆ) 3200ರ ಆಸುಪಾಸು ಬೇಕಾಗಬಹುದು. ಗಂಟೆಯೊಳಗೆ ಅದು 200ಕ್ಕೆ ಇಳಿಯುತ್ತದೆ. ಇಷ್ಟು ಬೇಗ ಬದಲಾಗುವ ಬೆಳಕಿನಲ್ಲಿ ಶಟರ್ ವೇಗವನ್ನೂ ಅಪರ್ಚರನ್ನೂ ನೀವೇ ನಿಗದಿಮಾಡಿ, ಐಎಸ್‌ಒ ಒಂದನ್ನು ಮಾತ್ರ ಕ್ಯಾಮೆರಾಕ್ಕೆ ಬಿಟ್ಟುಕೊಡುವುದು ಉತ್ತಮ. ನಸುಕಿನ ಮಂದ ಬೆಳಕನ್ನು ಕೊರತೆಯೆಂದು ಭಾವಿಸದೆ ಪ್ಯಾನಿಂಗ್‌ಗೆ ಬಳಸಿಕೊಳ್ಳಿ: ಸೆಕೆಂಡಿನ 1/60ರಲ್ಲಿ ಕಾರಿನ ಜೊತೆಗೆ ಕ್ಯಾಮೆರಾವನ್ನು ತಿರುಗಿಸಿದರೆ ಹೆಡ್‌ಲೈಟುಗಳು ಉರಿಯುತ್ತಿರುವ ಕಾರು ಸ್ಪಷ್ಟವಾಗಿಯೂ ಬಂಡೆಗಳು ಗೆರೆಗೆರೆಯಾಗಿಯೂ ಮೂಡುತ್ತವೆ. ಇಷ್ಟು ನಿಧಾನದ ವೇಗದಲ್ಲಿ ಹೆಚ್ಚಿನ ಚಿತ್ರಗಳು ಕೆಡುವುದು ಸಹಜ. ಕಾರು ಮತ್ತೆ ಬರುತ್ತದೆ ಎಂಬ ಭರವಸೆಯಿರುವಾಗಲೇ ಇದನ್ನು ಮಾಡಬೇಕು. ಎದುರಿನಿಂದ ಬರುವ ಕಾರಿಗೆ ಮಾತ್ರ 1/1000ಕ್ಕಿಂತ ಕಡಿಮೆ ಮಾಡಬೇಡಿ.

ಸೂರ್ಯ ಮೇಲೇರಿದ ಮೊದಲ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಜಾಗ ಬದಲಿಸುವುದರಲ್ಲಿ ಕಳೆಯಬೇಡಿ. ಆಗ ಬಿಸಿಲು ಅಡ್ಡಡ್ಡಲಾಗಿ ಬಂದು ವಿಂಡ್‌ಸ್ಕ್ರೀನಿನ ಮೂಲಕ ಚಾಲಕನ ಹೆಲ್ಮೆಟ್ಟಿನವರೆಗೂ ತಲುಪುತ್ತದೆ. 1988ರಲ್ಲಿ ಪೂಜೋ ಕಾರನ್ನು ಹತ್ತಿಸುತ್ತಿದ್ದ ರ‍್ಯಾಲಿ ಚಾಲಕ ಅರಿ ವಟಾನೆನ್, ಒಂದು ಕೈಯನ್ನು ಸ್ಟೀರಿಂಗ್‌ನಿಂದ ತೆಗೆದು ಕಣ್ಣಿಗೆ ಬಿಸಿಲು ಹೊಡೆಯದಂತೆ ಅಡ್ಡ ಹಿಡಿದ ದೃಶ್ಯವನ್ನು ಇಂದಿಗೂ ಜನ ನೆನೆಯುವುದು ಆ ಬೆಳಕಿನಿಂದಲೇ. ಅಂದಿನ ಮಣ್ಣಿನ ರಸ್ತೆ ಈಗಿಲ್ಲ. 2012ರಿಂದ ಸ್ಪರ್ಧೆ ಪೂರ್ತಿಯಾಗಿ ಡಾಂಬರಿನ ಮೇಲೆಯೇ ನಡೆಯುತ್ತಿದೆ. ಧೂಳಿನ ಮೋಡ ಹಿಂಬಾಲಿಸದ ಕಾರಣ ವೇಗವನ್ನು ಈಗ ಚಿತ್ರದಲ್ಲಿ ಬೇರೆ ಬಗೆಯಿಂದಲೇ ಹೇಳಬೇಕಾಗಿದೆ: ಒಳಬದಿಯ ಚಕ್ರ ನೆಲದಿಂದ ಸ್ವಲ್ಪ ಎದ್ದಿರುವುದು, ಬ್ರೇಕ್ ಡಿಸ್ಕ್ ಕೆಂಪಗೆ ಕಾದಿರುವುದು, ಚಾಲಕನ ತಲೆ ಮುಂದಿನ ತಿರುವಿನತ್ತ ಆಗಲೇ ಹೊರಳಿರುವುದು. ಈ ವಿವರಗಳಿಗಾಗಿ ಕಾಯಿರಿ. ಎಂಟು ಗಂಟೆಯ ಹೊತ್ತಿಗೆ ರಸ್ತೆ ಕಾದು ಗಾಳಿ ನಡುಗತೊಡಗಿದರೆ ದೂರದ ಚಿತ್ರಗಳು ಮಸುಕಾಗುತ್ತವೆ. ಆಗ ಹತ್ತಿರದ ಚಿತ್ರಗಳಿಗೆ ಹಿಂತಿರುಗಿ.

ಎರಡನೆಯ ಉತ್ತರ

ಮೇಲಿನವರು ಬೆಳಕಿನ ಬಗ್ಗೆ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ದೇಹ ಮತ್ತು ಸಲಕರಣೆಗಳ ಬಗ್ಗೆ ಹೇಳಬಯಸುತ್ತೇನೆ. ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 60ರಷ್ಟು ಮಾತ್ರ ಇರುತ್ತದೆ. ಇಂಜಿನ್ನುಗಳು ಶಕ್ತಿ ಕಳೆದುಕೊಳ್ಳುವುದೂ, ತೆಳುವಾದ ಗಾಳಿಯಲ್ಲಿ ರಸ್ತೆಗೆ ಒತ್ತಿಹಿಡಿಯುವ ಬಲ ಸಾಕಷ್ಟು ಸಿಗಲೆಂದು ಕಾರುಗಳಿಗೆ ಅಷ್ಟು ದೊಡ್ಡ ರೆಕ್ಕೆಗಳನ್ನು ಕಟ್ಟುವುದೂ ಇದೇ ಕಾರಣಕ್ಕೆ. ನಿಮ್ಮ ಉಸಿರಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದ್ದರಿಂದ ಮೊದಲ ದಿನವೇ ಮೇಲ್ಭಾಗಕ್ಕೆ ಹೋಗದೆ, ಕೆಳಗಿನಿಂದ ಆರಂಭಿಸಿ ದಿನದಿಂದ ದಿನಕ್ಕೆ ಎತ್ತರಕ್ಕೆ ಸರಿಯಿರಿ. ನೀರು ಹೆಚ್ಚು ಕುಡಿಯಿರಿ, ಮತ್ತು ತಲೆನೋವು, ವಾಕರಿಕೆ ಕಾಣಿಸಿಕೊಂಡರೆ ಎಷ್ಟೇ ಒಳ್ಳೆಯ ಕಾರು ಬರುವುದಿದ್ದರೂ ಅವಕಾಶ ಸಿಕ್ಕ ಕೂಡಲೇ ಕೆಳಗಿಳಿಯಿರಿ.

ಕತ್ತಲಿರುವಾಗಲೇ ಬೆಟ್ಟ ಹತ್ತಿ ಕಾರುಗಳು ಹೊರಡುವ ಮುನ್ನ ನಿಮ್ಮ ಜಾಗದಲ್ಲಿ ನಿಂತಿರಬೇಕಾಗುತ್ತದೆ, ಏಕೆಂದರೆ ಅಭ್ಯಾಸ ಆರಂಭವಾದ ಮೇಲೆ ರಸ್ತೆಯಲ್ಲಿ ಓಡಾಟವಿರುವುದಿಲ್ಲ. ಜೂನ್ ತಿಂಗಳೆಂದು ಮೋಸಹೋಗಬೇಡಿ. ಮರಗಳ ಗಡಿಯ ಮೇಲೆ ಆ ಹೊತ್ತಿನಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬಹುದು. ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಬೆರಳ ತುದಿ ತೆರೆಯಬಹುದಾದ ಕೈಗವಸು, ಗಾಳಿ ತಡೆಯುವ ಜಾಕೆಟ್ಟು ಇವು ಇರಲೇಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹೆಚ್ಚಿನ ಬ್ಯಾಟರಿಗಳನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ತಣ್ಣಗಾದ ಕ್ಯಾಮೆರಾವನ್ನು ಬೆಚ್ಚಗಿನ ವಾಹನದೊಳಗೆ ತರುವ ಮುನ್ನ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿದರೆ ಲೆನ್ಸಿನ ಮೇಲೆ ತೇವ ಕಟ್ಟುವುದಿಲ್ಲ. ಬಿಸಿಲು ಬಂದ ಮೇಲೆ ಅದೇ ಜಾಗದಲ್ಲಿ ಚರ್ಮ ಸುಡುತ್ತದೆ, ಸನ್‌ಸ್ಕ್ರೀನ್ ಮರೆಯಬೇಡಿ.

ಮೂರನೆಯ ಉತ್ತರ

ಓಡುವ ಕಾರಿಗಿಂತ ನಿಂತ ಕಾರಿನ ಸುತ್ತಲಿನ ಜನರೇ ನನಗೆ ಹೆಚ್ಚು ಇಷ್ಟ, ಆದ್ದರಿಂದ ಇದೊಂದನ್ನು ಸೇರಿಸುತ್ತೇನೆ. ಅಭ್ಯಾಸದ ದಿನಗಳಲ್ಲಿ ಪ್ರತಿ ಭಾಗದ ಆರಂಭದಲ್ಲಿ ರಸ್ತೆಯ ಪಕ್ಕದಲ್ಲೇ ತಾತ್ಕಾಲಿಕ ಪಿಟ್‌ಗಳು, ಅಂದರೆ ಕಾರುಗಳನ್ನು ಸಿದ್ಧಪಡಿಸುವ ತಾಣಗಳು, ಏಳುತ್ತವೆ. ಕತ್ತಲಲ್ಲಿ ಜನರೇಟರ್ ಹಚ್ಚಿ, ಟೈರುಗಳಿಗೆ ಬಿಸಿ ಹೊದಿಕೆ ಸುತ್ತಿ, ಹಣೆಯ ದೀಪದ ಬೆಳಕಿನಲ್ಲಿ ಮೆಕ್ಯಾನಿಕ್‌ಗಳು ಕೆಲಸ ಮಾಡುವ ಆ ಹೊತ್ತು 24–70 ಲೆನ್ಸಿಗೆ ಹೇಳಿ ಮಾಡಿಸಿದಂತಿದೆ. 2018ರಲ್ಲಿ ಫೋಕ್ಸ್‌ವ್ಯಾಗನ್‌ನ ಎಲೆಕ್ಟ್ರಿಕ್ ಕಾರಿನಲ್ಲಿ 7 ನಿಮಿಷ 57.148 ಸೆಕೆಂಡಿಗೆ ಶಿಖರ ಮುಟ್ಟಿ ದಾಖಲೆ ಬರೆದ ರೊಮೇನ್ ಡ್ಯುಮಾ ಅವರಂಥವರೂ, ಸ್ವಂತ ಗ್ಯಾರೇಜಿನಲ್ಲಿ ಕಾರು ಕಟ್ಟಿಕೊಂಡು ಬಂದವರೂ ಇಲ್ಲಿ ಒಂದೇ ಚಳಿಯಲ್ಲಿ ಕೈ ಉಜ್ಜುತ್ತ ನಿಂತಿರುತ್ತಾರೆ. ಕೇಳಿಯೇ ಹತ್ತಿರ ಹೋಗಿ, ಫ್ಲ್ಯಾಶ್ ಹಾಕಬೇಡಿ. ಕಾರುಗಳು ಒಟ್ಟಾಗಿ ಕೆಳಗಿಳಿಯುವಾಗ ಕ್ಯಾಮೆರಾವನ್ನು ಕೆಳಗಿಡದಿರಿ. ಚಾಲಕರ ಮುಖಗಳು ಸಿಗುವುದು ಆಗಲೇ.

ನಾಲ್ಕನೆಯ ಉತ್ತರ

ನಿಲ್ಲುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಈ ರಸ್ತೆಯ ಬಹುಭಾಗಕ್ಕೆ ತಡೆಗೋಡೆಯಿಲ್ಲ. ತಿರುವಿನ ಹೊರಬದಿಯಲ್ಲಿ ರಸ್ತೆಯ ಮಟ್ಟದಲ್ಲಿ ಎಂದಿಗೂ ನಿಲ್ಲದೆ, ಒಳಬದಿಯಲ್ಲಿ ರಸ್ತೆಗಿಂತ ಎತ್ತರದಲ್ಲಿ, ಹಿಂದೆ ಸರಿಯಲು ಸ್ಥಳವಿರುವಲ್ಲಿ ಮಾತ್ರ ನಿಲ್ಲಿ. ಕಿವಿಯನ್ನು ನಂಬಿ ರಸ್ತೆ ದಾಟಬೇಡಿ. ಪೆಟ್ರೋಲ್ ಕಾರಿನ ಸದ್ದು ಹಲವು ತಿರುವುಗಳ ಕೆಳಗಿನಿಂದಲೇ ಕೇಳಿಸಿದರೂ ಎಲೆಕ್ಟ್ರಿಕ್ ಕಾರುಗಳು ಹಾಗಲ್ಲ. ಜಾಗ ಬದಲಿಸಬೇಕಿದ್ದರೆ ಎರಡು ಸುತ್ತುಗಳ ನಡುವೆ ಮಾರ್ಷಲ್‌ರನ್ನು (ದಾರಿಯ ಸುರಕ್ಷತೆ ನೋಡಿಕೊಳ್ಳುವ ಸಿಬ್ಬಂದಿಯನ್ನು) ಕೇಳಿ, ಅವರು ಹೂಂ ಎಂದ ಮೇಲೆಯೇ ಹೆಜ್ಜೆ ಇಡಿ. ಅವರು ಬೇಡವೆಂದ ಜಾಗದಲ್ಲಿ ಎಷ್ಟು ಚೆನ್ನಾದ ಕೋನವಿದ್ದರೂ ಅದನ್ನು ಬಿಟ್ಟುಬಿಡಿ, ಏಕೆಂದರೆ ಪ್ರೇಕ್ಷಕನೊಬ್ಬ ತಪ್ಪಾದ ಕಡೆ ಕಂಡರೂ ಆ ಸುತ್ತನ್ನೇ ನಿಲ್ಲಿಸಬೇಕಾಗಬಹುದು, ಮತ್ತು ಕಳೆದುಹೋದ ಆ ಸಮಯ ಯಾವುದೋ ಚಾಲಕನ ಅಭ್ಯಾಸದ್ದಾಗಿರುತ್ತದೆ.