ಐ-ಪಿಲ್ ತಗೊಂಡ ಮೇಲೆ ವಾಂತಿ ಆಯ್ತು, ಇನ್ನೊಂದು ತಗೋಬೇಕಾ?

ಹಾಸನದವಳು (ಭಾನುವಾರ ರಾತ್ರಿ)

ಶುಕ್ರವಾರ ರಾತ್ರಿ ಕಾಂಡೋಮ್ ಹರಿದುಹೋಯ್ತು. ಶನಿವಾರ ಮಧ್ಯಾಹ್ನ ನಮ್ಮ ಯಜಮಾನ್ರು ಮೆಡಿಕಲ್ಲಿಂದ ಐ-ಪಿಲ್ ತಂದುಕೊಟ್ರು, ಊಟ ಆದಮೇಲೆ ನುಂಗಿದೆ. ನಾಲ್ಕು ಗಂಟೆ ಬಿಟ್ಟು ವಾಂತಿ. ಮಾತ್ರೆ ಹೊರಗೆ ಬಂದುಬಿಡ್ತಾ? ಮಗನಿಗೆ ಎರಡು ವರ್ಷ, ಈಗಲೇ ಇನ್ನೊಂದು ಬೇಡ ಅಂತ ಇಬ್ರೂ ಮಾತಾಡ್ಕೊಂಡಿದ್ದೀವಿ. ವಾಂತಿ ನನಗೆ ಹೊಸದಲ್ಲ, ಶ್ವಾಸಕೋಶದ ಟಿಬಿಗೆ ಮಾತ್ರೆ ನಡೀತಿದೆ, ಮೂರನೇ ತಿಂಗಳು. ಮನೇಲಿ ಯಾರ ಹತ್ರಾನೂ ಕೇಳೋಕಾಗಲ್ಲ, ದಯವಿಟ್ಟು ಬೇಗ ಹೇಳಿ.

ಸುಮಕ್ಕ

72 ಗಂಟೆ ಒಳಗೇ ತಗೊಂಡಿದ್ದೀಯಲ್ಲ, ಹೆದರಬೇಡಮ್ಮ. ನಮ್ಮ ಕಡೆ ಪರಂಗಿಕಾಯಿ, ಎಳ್ಳು-ಬೆಲ್ಲ ತಿಂದ್ರೆ ಮುಟ್ಟು ಆಗುತ್ತೆ ಅಂತಾರೆ, ಅದನ್ನೂ ತಿಂದು ನೋಡು.

ನರ್ಸ್ ಅಕ್ಕ

ತಂಗಿ, ವಾಂತಿ ವಿಷಯ ಬಿಡು. ನುಂಗಿ ಎರಡು-ಮೂರು ಗಂಟೆ ಒಳಗೆ ವಾಂತಿ ಆದ್ರೆ ಮಾತ್ರ ಮತ್ತೆ ತಗೋಬೇಕು. ನನಗೆ ಗಾಬರಿ ಆಗಿದ್ದು ನೀನು ಕೊನೇಲಿ ಬರೆದ ಟಿಬಿ ಮಾತ್ರೆ ವಿಷಯಕ್ಕೆ.

ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗ್ತಿದೆ ತಾನೇ? ಅದು ರಿಫಾಂಪಿಸಿನ್. ಟಿಬಿಯ ಆರು ತಿಂಗಳ ಮಾತ್ರೆಯಲ್ಲಿ ಮೊದಲಿಂದ ಕೊನೇವರೆಗೂ ಅದು ಇರುತ್ತೆ. ಲಿವರ್ ಹಾರ್ಮೋನನ್ನು ಬೇಗ ಬೇಗ ಕರಗಿಸಿಬಿಡೋ ಹಾಗೆ ಮಾಡುತ್ತೆ. ಐ-ಪಿಲ್‌ನಲ್ಲಿರೋದು 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್. ಅಂಡ ಬಿಡುಗಡೆ ಆಗೋದನ್ನ ಮುಂದಕ್ಕೆ ತಳ್ಳೋದು ಅದರ ಕೆಲಸ. ನಿನ್ನ ಮೈಯಲ್ಲಿ ಅದಕ್ಕೆ ಬೇಕಾದಷ್ಟು ಬಲ ಉಳಿದಿರಲ್ಲ. ಬಸುರಾಗದಿರೋಕೆ ದಿನಾ ನುಂಗೋ ಮಾಲಾ-ಎನ್, ಮಾಲಾ-ಡಿ ಮಾತ್ರೆ ಕೂಡ ಹೀಗೇ ಸೋಲ್ತವೆ. ಫಿಟ್ಸ್‌ಗೆ ಕೊಡೋ ಕಾರ್ಬಮಝೆಪಿನ್, ಫೆನಿಟಾಯಿನ್ ತಗೊಳ್ಳೋರಿಗೂ ಅಷ್ಟೇ. ದಿನಾ ತಪ್ಪದೆ ಮಾತ್ರೆ ನುಂಗಿದ ಹೆಣ್ಣುಮಗಳು ಬಸುರಾದ್ರೆ 'ನೀನೇ ಮರೆತಿರ್ತೀಯ' ಅಂತ ಎಲ್ಲರೂ ಅವಳನ್ನೇ ಬೈತಾರೆ. ಮೆಡಿಕಲ್ಲಲ್ಲಿ ಗಂಡಸು ತಲೆ ತಗ್ಗಿಸಿ ಕೇಳ್ತಾನೆ, ಅವರು ಪೇಪರಲ್ಲಿ ಸುತ್ತಿ ಕೊಟ್ಟು ಕಳಿಸ್ತಾರೆ. ಬೇರೆ ಯಾವ ಮಾತ್ರೆ ನಡೀತಿದೆ ಅಂತ ಒಂದು ಮಾತು ಕೇಳಲ್ಲ. ಇದು ನನಗೆ ಬಹಳ ಸಂಕಟದ ವಿಷಯ.

ಇನ್ನೂ ಟೈಮಿದೆ. ಐದು ದಿನದೊಳಗೆ ಗರ್ಭಕೋಶದೊಳಗೆ ಕಾಪರ್-ಟಿ ಹಾಕಿಸಿದ್ರೆ ಬಸುರಾಗೋದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಅದರಲ್ಲಿರೋದು ತಾಮ್ರ, ರಿಫಾಂಪಿಸಿನ್ ಅದನ್ನ ಏನೂ ಮಾಡೋಕಾಗಲ್ಲ. ನಿನಗೆ ಬುಧವಾರ ರಾತ್ರಿವರೆಗೆ ಗಡುವು. ಆದ್ರೆ ನಾಳೆ ಬೆಳಿಗ್ಗೆಯೇ ತಾಲೂಕು ಆಸ್ಪತ್ರೆಗೆ ಹೋಗು, ಟಿಬಿ ಕಾರ್ಡ್ ತೋರಿಸು. ಸರ್ಕಾರಿ ಆಸ್ಪತ್ರೇಲಿ ದುಡ್ಡಿಲ್ಲ. ಶ್ವಾಸಕೋಶದ ಟಿಬಿಗೆ ಅಡ್ಡಿ ಇಲ್ಲ, ಗರ್ಭಕೋಶಕ್ಕೆ ತಗಲಿರೋರಿಗೆ ಮಾತ್ರ ಹಾಕಬಾರದು. ಕಾಪರ್-ಟಿ ಆಗದೇ ಇದ್ರೆ ಐ-ಪಿಲ್ ಎರಡು ಪಟ್ಟು ಕೊಡೋದುಂಟು, ಅದನ್ನ ಡಾಕ್ಟರ್ ಹೇಳಬೇಕು. ಏನೇ ಆಗಲಿ, ಟಿಬಿ ಮಾತ್ರೆ ಮಾತ್ರ ಒಂದು ದಿನವೂ ಬಿಡಬೇಡ.

ಸುಮಕ್ಕ, ಪರಂಗಿಕಾಯಿ ನಂಬಿ ಕೂತ್ರೆ ಆ ಐದು ದಿನ ಕೈತಪ್ಪುತ್ತೆ.

ಹಾಸನದವಳು

ಅಕ್ಕಾ, ಬಣ್ಣ ಅದೇ! ಔಷಧಿ ಉಷ್ಣ ಅಂದ್ಕೊಂಡಿದ್ದೆ. ನಾಳೆ ಹೋಗ್ತೀವಿ. ಕಾಂಡೋಮ್ ಹರಿದಿದ್ದು ಯಾಕೆ ಅಂತ ಅರ್ಥ ಆಗ್ತಿಲ್ಲ, ಡೇಟ್ ಆಗಿರಲಿಲ್ಲ. ಉರಿ ಅಂತ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದ್ವಿ.

ನರ್ಸ್ ಅಕ್ಕ

ಅದೇ ಕಾರಣ ಇರಬೇಕು. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಬೆಣ್ಣೆ ಯಾವುದು ತಾಗಿದ್ರೂ ಲ್ಯಾಟೆಕ್ಸ್ ರಬ್ಬರ್ ನಿಮಿಷಗಳಲ್ಲೇ ಮೆತ್ತಗಾಗಿ ಹರಿಯುತ್ತೆ. ನೀರಿನಾಧಾರದ ಜೆಲ್ ಮೆಡಿಕಲ್ಲಲ್ಲಿ ಸಿಗುತ್ತೆ. ಯಜಮಾನ್ರು ಪರ್ಸಲ್ಲಿ ಇಟ್ಕೊಂಡು ಓಡಾಡ್ತಿದ್ರೆ ಅದೂ ಬೇಡ, ಸೆಖೆಗೆ ಹಾಳಾಗುತ್ತೆ.

ಈ ಸಲ ಮುಟ್ಟು ಹಿಂದೆ-ಮುಂದೆ ಆಗಬಹುದು. ಒಂದು ವಾರಕ್ಕಿಂತ ತಡ ಆದ್ರೆ, ಇಲ್ಲಾ ಮೂರು ವಾರ ಆದಮೇಲೆ, ಮನೇಲೇ ಕಿಟ್ ತಂದು ಟೆಸ್ಟ್ ಮಾಡ್ಕೋ. ಕಾಪರ್-ಟಿ ಹಾಕಿದ ಮೇಲೆ ಮೊದಲ ಕೆಲವು ತಿಂಗಳು ಮುಟ್ಟಲ್ಲಿ ಹೆಚ್ಚು ರಕ್ತಸ್ರಾವ, ಸೊಂಟನೋವು ಬಂದ್ರೆ ಹೆದರಬೇಡ. ಜ್ವರ, ಕೆಟ್ಟ ವಾಸನೆಯ ಸ್ರಾವ ಇದ್ರೆ ತಕ್ಷಣ ಹೋಗು. ಮುಂದೆ ಮಗು ಬೇಕು ಅನಿಸಿದಾಗ ತೆಗೆಸಿದ್ರಾಯ್ತು.

ಹಾಸನದವಳು (ಸೋಮವಾರ ಸಂಜೆ)

ಹಾಕಿಸ್ಕೊಂಡು ಬಂದೆ ಅಕ್ಕಾ. ಡಾಕ್ಟರ್ ಕಾರ್ಡ್ ನೋಡಿ 'ಇದನ್ನ ತಂದಿದ್ದು ಒಳ್ಳೇದಾಯ್ತು' ಅಂದ್ರು. ಸ್ವಲ್ಪ ಸೊಂಟ ಹಿಡ್ಕೊಂಡಿದೆ, ಅಷ್ಟೇ.