ರೆಡಿಸ್ 7: ಬೇರೆ ಸರ್ವರ್‌ನಿಂದ ಕನೆಕ್ಟ್ ಆಗ್ತಿಲ್ಲ, ಪ್ರೊಟೆಕ್ಟೆಡ್ ಮೋಡ್ ಎರರ್

ಹುಬ್ಳಿಹುಡುಗ:
ನಮಸ್ಕಾರ. ಉಬುಂಟು ಮೇಲೆ ರೆಡಿಸ್ 7 ಹಾಕಿದ್ದೇನೆ. ಅದೇ ಮಷೀನ್‌ನಲ್ಲಿ ಸರಿಯಾಗಿ ಓಡುತ್ತದೆ. ಆ್ಯಪ್ ಇರುವುದು ಇನ್ನೊಂದು ಸರ್ವರ್‌ನಲ್ಲಿ. ಅಲ್ಲಿಂದ ಸಿಗಲಿ ಅಂತ ಕಾನ್ಫಿಗ್ ಫೈಲ್‌ನ ಬೈಂಡ್ ಸಾಲಿನಲ್ಲಿ 0.0.0.0 (ಅಂದರೆ ಎಲ್ಲ ನೆಟ್‌ವರ್ಕ್ ಇಂಟರ್‌ಫೇಸ್‌ಗಳೂ) ಕೊಟ್ಟೆ. ಈಗ ಏನು ಕೇಳಿದರೂ "ಡಿನೈಡ್" ಅಂತ ಶುರುವಾಗುವ ಮಾರುದ್ದದ ಎರರ್. ಹಾಕಿದ ಕೂಡಲೇ ಓಡಬೇಕಾದ ಡೇಟಾಬೇಸ್ ಹೀಗೆ ಬಾಗಿಲು ಹಾಕಿಕೊಂಡು ಕೂತರೆ ಹೇಗೆ?

ಬೈಟ್‌ಬಸಪ್ಪ:
ಪ್ರೊಟೆಕ್ಟೆಡ್ ಮೋಡ್‌ಗೆ "ನೋ" ಕೊಡಿ, ಕೆಲಸ ಮುಗೀತು.

ಕರ್ನಲ್‌ಕಾಫಿ:
ದಯವಿಟ್ಟು ಹಾಗೆ ಮಾಡಬೇಡಿ. ಪಾಸ್‌ವರ್ಡ್ ಇಲ್ಲದಿದ್ದಾಗ ಹೊರಗಿನ ಕನೆಕ್ಷನ್ ತಡೆಯುವುದೇ ಆ ಮೋಡ್. ಆ ಎರರನ್ನು ಪೂರ್ತಿ ಓದಿದಿರಾ? ಅದರಲ್ಲೇ ನಾಲ್ಕು ದಾರಿ ಕೊಟ್ಟಿದ್ದಾರೆ. ಮೊದಲ ಮೂರೂ ಮೋಡ್ ಆಫ್ ಮಾಡುವುದೇ. ಪಾಸ್‌ವರ್ಡ್ ಇಡಿ ಅನ್ನುವುದು ನಾಲ್ಕನೆಯದು. ಅಲ್ಲಿವರೆಗೆ ಯಾರು ಓದುತ್ತಾರೆ? ಮೊದಲನೆಯದನ್ನು ಕಾಪಿ ಮಾಡಿ ಎದ್ದು ಹೋಗುತ್ತಾರೆ. ಡಿಫಾಲ್ಟ್ ಚೆನ್ನಾಗಿದೆ, ಪಟ್ಟಿ ಮಾತ್ರ ತಲೆಕೆಳಗಾಗಿದೆ.

ಈ ಮೋಡ್ ಸುಮ್ನೆ ಬಂದದ್ದಲ್ಲ. ಮುಂಚೆ ರೆಡಿಸ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ಎಲ್ಲ ಇಂಟರ್‌ಫೇಸ್‌ಗಳಿಗೂ ತೆರೆದುಕೊಂಡಿರುತ್ತಿತ್ತು. ಇದರಿಂದ ಏನಾಗಬಹುದು ಅಂತ 2015ರಲ್ಲಿ ರೆಡಿಸ್ ಬರೆದ ಸಾಲ್ವಟೋರೆ ಸ್ಯಾನ್‌ಫಿಲಿಪ್ಪೊ ಅವರೇ ತೋರಿಸಿದರು. ದಾಳಿ ಮಾಡುವವನು ತನ್ನ ಎಸ್‌ಎಸ್‌ಎಚ್ ಕೀಯನ್ನು (ಸರ್ವರ್‌ಗೆ ಲಾಗಿನ್ ಆಗುವ ಕೀ) ರೆಡಿಸ್‌ನಲ್ಲಿ ಒಂದು ವ್ಯಾಲ್ಯೂ ಆಗಿ ತುರುಕಬೇಕು. ಡೇಟಾ ಉಳಿಸುವ ಫೋಲ್ಡರ್ ಮತ್ತು ಫೈಲ್ ಹೆಸರು ಬದಲಿಸಿ ಸೇವ್ ಕೊಡಬೇಕು. ಕೀ ನೇರವಾಗಿ, ಯಾರನ್ನು ಲಾಗಿನ್‌ಗೆ ಬಿಡಬೇಕು ಅಂತ ಹೇಳುವ ಆಥರೈಸ್ಡ್ ಕೀಸ್ ಫೈಲ್‌ಗೆ ಹೋಗಿ ಕೂರುತ್ತದೆ. ಆಮೇಲೆ ಡೇಟಾ ಏನು, ಮಷೀನೇ ಅವನದ್ದು. 2016ರಲ್ಲಿ ರೆಡಿಸ್ 3.2 ಬಂದಾಗ ಪ್ರೊಟೆಕ್ಟೆಡ್ ಮೋಡ್ ಸೇರಿತು. ಓಡುತ್ತಿರುವಾಗ ಆ ಫೋಲ್ಡರ್, ಫೈಲ್ ಹೆಸರು ಬದಲಿಸಲು 7ರಲ್ಲಿ ಡಿಫಾಲ್ಟಾಗಿ ಬಿಡುವುದೂ ಇಲ್ಲ.

ನೀವು ಮಾಡಬೇಕಾದದ್ದು: ಬೈಂಡ್‌ನಲ್ಲಿ 127.0.0.1 (ಅದೇ ಮಷೀನ್) ಮತ್ತು ರೆಡಿಸ್ ಇರುವ ಸರ್ವರಿನ ಪ್ರೈವೇಟ್ ಐಪಿ ಮಾತ್ರ ಇಡಿ. 7ರಲ್ಲಿ ಅಷ್ಟೇ ಸಾಲದು, ಪಾಸ್‌ವರ್ಡ್ ಇಲ್ಲದಿದ್ದರೆ ಇದೇ ಎರರ್ ಮತ್ತೆ ಬರುತ್ತದೆ. ಪಾಸ್‌ವರ್ಡ್ ಇಡುವ ರಿಕ್ವೈರ್‌ಪಾಸ್ ಸಾಲಿಗೆ ಉದ್ದನೆಯದೇ ಕೊಡಿ. ಸೆಕೆಂಡಿಗೆ ಹತ್ತು ಲಕ್ಷದವರೆಗೆ ಪಾಸ್‌ವರ್ಡ್ ಹಾಕಿ ನೋಡಬಹುದು ಅಂತ ಕಾನ್ಫಿಗ್ ಫೈಲ್‌ನಲ್ಲೇ ಎಚ್ಚರಿಕೆ ಇದೆ. ರೆಡಿಸ್‌ನ 6379 ಪೋರ್ಟ್ ಫೈರ್‌ವಾಲ್‌ನಲ್ಲಿ ಆ್ಯಪ್ ಸರ್ವರಿಗೆ ಮಾತ್ರ ಬಿಡಿ.

ಬೈಟ್‌ಬಸಪ್ಪ:
ಕಂಟೇನರ್‌ಗಳಲ್ಲಿ ಪ್ರೋಗ್ರಾಂ ಓಡಿಸುವ ಡಾಕರ್‌ನಲ್ಲಿ ಈ ತಕರಾರೇ ಬರಲ್ಲ ಅಲ್ವಾ?

ಕರ್ನಲ್‌ಕಾಫಿ:
ಬರಲ್ಲ, ಯಾಕಂದರೆ ಅಧಿಕೃತ ಇಮೇಜ್‌ನಲ್ಲಿ ಮೋಡ್ ಆಫ್ ಮಾಡಿಯೇ ಕೊಡುತ್ತಾರೆ. ಕಂಟೇನರ್‌ಗಳು ಒಂದಕ್ಕೊಂದು ಸಿಗಲಿ ಅಂತ. ಪೋರ್ಟ್ ಹೊರಗೆ ಪಬ್ಲಿಷ್ ಮಾಡಿದಿರೋ, ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂನಲ್ಲಿ ತಡೆದಿದ್ದರೂ ಡಾಕರ್ ಅದನ್ನು ದಾಟಿ ತೆರೆಯುತ್ತದೆ. ಪೋರ್ಟ್ ಮುಂದೆ 127.0.0.1 ಸೇರಿಸಿ ಪಬ್ಲಿಷ್ ಮಾಡಿ.

ಹುಬ್ಳಿಹುಡುಗ:
ಎಲ್ಲ ಮಾಡಿದೆ ಸರ್. ವೆಬ್ ಆ್ಯಪ್ ಓಡ್ತಿದೆ. ಹಿನ್ನೆಲೆ ಕೆಲಸ ಮಾಡುವ ಕ್ಯೂ ವರ್ಕರ್ ಮಾತ್ರ "ನೋಆಥ್" (ಪಾಸ್‌ವರ್ಡ್ ಕೊಟ್ಟಿಲ್ಲ) ಅನ್ನುತ್ತಿದೆ.

ಕರ್ನಲ್‌ಕಾಫಿ:
ವರ್ಕರ್ ಇನ್ನೂ ಹಳೆ ಸೆಟ್ಟಿಂಗ್ ಹಿಡಿದುಕೊಂಡಿದೆ. ರೀಸ್ಟಾರ್ಟ್ ಮಾಡಿ.

ಹುಬ್ಳಿಹುಡುಗ:
ಸರಿಹೋಯ್ತು, ಥ್ಯಾಂಕ್ಸ್. ಮುಂದೆ ಆ್ಯಪ್ ಸರ್ವರನ್ನು ಬೇರೆ ಡೇಟಾ ಸೆಂಟರ್‌ಗೆ ಹಾಕುವ ಯೋಚನೆ ಇದೆ. ಇಷ್ಟು ಸಾಕಾ?

ಕರ್ನಲ್‌ಕಾಫಿ:
ಸಾಲದು. ಪಾಸ್‌ವರ್ಡ್ ದಾರಿಯಲ್ಲಿ ಇದ್ದ ಹಾಗೇ ಹೋಗುತ್ತದೆ. ದಾರಿಯಲ್ಲಿ ಹೋಗುವುದನ್ನು ಗೂಢಲಿಪಿ ಮಾಡುವ ಟಿಎಲ್‌ಎಸ್ ರೆಡಿಸ್ 6.0ರಿಂದ ಇದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು. ಇಲ್ಲವೇ ಎರಡರ ನಡುವೆ ವಿಪಿಎನ್ ಹಾಕಿ.