ಪದಚರ್ಚೆ: ಹಳೆಯ ವಾಚಿಗೆ ಆಗುವುದು ಜೀರ್ಣೋದ್ಧಾರವೋ, ನವೀಕರಣವೋ?

ಬಳಗದ ಎಲ್ಲರಿಗೂ ನಮಸ್ಕಾರ.

ದುಬಾರಿ ಸ್ವಿಸ್ ವಾಚುಗಳನ್ನು ಬಿಚ್ಚಿ ಸರಿಪಡಿಸುವ ಬೆಂಗಳೂರಿನ ಕಾರ್ಯಾಗಾರವೊಂದು ಗ್ರಾಹಕರು ಸಹಿ ಹಾಕುವ ಅಂದಾಜುಪಟ್ಟಿಯನ್ನು ಕನ್ನಡದಲ್ಲೂ ಅಚ್ಚು ಹಾಕಿಸಲು ಹೊರಟಿದೆ. ಮೆಚ್ಚಬೇಕಾದ ಕೆಲಸ. ಆದರೆ ತಿದ್ದಲೆಂದು ನನಗೆ ಕೊಟ್ಟಿರುವ ಯಂತ್ರಾನುವಾದದ ಕರಡಿನಲ್ಲಿ ‘ಕಿರೀಟ ಬದಲಾವಣೆ’, ‘ಕೈಗಳ ಬದಲಾವಣೆ’, ‘ಚಲನೆಯ ಶುದ್ಧೀಕರಣ’ ಎಂದೆಲ್ಲ ಇದೆ. ಯಾವುದೋ ಮಹಾರಾಜರ ಶಸ್ತ್ರಚಿಕಿತ್ಸೆಯ ಬಿಲ್ಲಿನ ಹಾಗೆ ಓದಿಸಿಕೊಳ್ಳುತ್ತದೆ.

ಇವುಗಳಲ್ಲಿ ಹಲವಕ್ಕೆ ಚರ್ಚೆ ಬೇಕಿಲ್ಲ. ಗಡಿಯಾರಕ್ಕೆ ಇರುವುದು ಮುಳ್ಳು, ಕೈಯಲ್ಲ. ಒಳಗಿನ ಯಂತ್ರವನ್ನು ಅಂಗಡಿಯವರೆಲ್ಲ ಮೆಷಿನ್ ಎನ್ನುತ್ತಾರೆ, ಅದೇ ಇರಲಿ. ‘ಆಭರಣಗಳ ಪರೀಕ್ಷೆ’ ಎಂಬ ಸಾಲಿನಲ್ಲಿ ಮಾತ್ರ ಸ್ವಲ್ಪ ತಡವರಿಸಿದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ಮಾಡತೊಡಗಿತಲ್ಲ, ಅದರ ‘ಜನತಾ’ ಮಾದರಿಯ ಡಯಲ್ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದನ್ನು ನೋಡಿ ಒಳಗೆ ರತ್ನಗಳಿವೆ ಎಂದು ನಂಬಿದವರು ಕಡಿಮೆಯೇನಲ್ಲ. ಇರುವುದು ಕೃತಕ ಮಾಣಿಕ್ಯದ ಪುಟ್ಟ ಬೇರಿಂಗುಗಳು. ಚಕ್ರದ ಉಕ್ಕಿನ ಅಚ್ಚಿನ ಸೂಜಿಮೊನೆಯಂತಹ ತುದಿ ಅವುಗಳೊಳಗೆ ಸವೆಯದೆ ತಿರುಗಲಿ ಎಂದು ಕೂರಿಸಿರುತ್ತಾರೆ. ‘ಕೆಂಪು ಹರಳು’ ಎಂದು ಹಾಕಿದ್ದೇನೆ. ಆಕ್ಷೇಪವಿದ್ದರೆ ತಿಳಿಸಿ.

ನಿಜವಾದ ತೊಡಕು ಮುಂದಿನದು. ಇಂಗ್ಲಿಷ್ ಪಟ್ಟಿಯಲ್ಲಿ ಸರ್ವಿಸ್, ರಿಪೇರಿ, ರೆಸ್ಟೊರೇಶನ್ ಎಂದು ಮೂರು ಬೇರೆ ಬೇರೆ ಸಾಲುಗಳಿವೆ, ದರವೂ ಬೇರೆ ಬೇರೆ. ಕರಡಿನಲ್ಲಿ ಮೊದಲ ಎರಡಕ್ಕೂ ‘ದುರಸ್ತಿ’ ಎಂದಿದೆ. ಮೂರನೆಯದಕ್ಕೆ ‘ಜೀರ್ಣೋದ್ಧಾರ’.

ಸರ್ವಿಸ್ ಎಂದರೆ ದುರಸ್ತಿಯಲ್ಲ. ಚೆನ್ನಾಗಿ ಓಡುತ್ತಿರುವ ವಾಚಿಗೂ ಅದು ಬೇಕು, ಏಕೆಂದರೆ ಒಳಗಿನ ಎಣ್ಣೆ ವರ್ಷಗಳು ಕಳೆದಂತೆ ಒಣಗುತ್ತದೆ, ಅಂಟಾಗುತ್ತದೆ. ರೋಲೆಕ್ಸ್ ತನ್ನ ವಾಚುಗಳಿಗೆ ಸುಮಾರು 10 ವರ್ಷಕ್ಕೊಮ್ಮೆ, ಒಮೆಗಾ 5ರಿಂದ 8 ವರ್ಷಕ್ಕೊಮ್ಮೆ ಎಂದು ಸೂಚಿಸುತ್ತವೆ. ಆಗ ನೂರಕ್ಕೂ ಹೆಚ್ಚು ಬಿಡಿಭಾಗಗಳನ್ನು ಒಂದೊಂದಾಗಿ ಬಿಚ್ಚಿ, ತೊಳೆದು, ಮತ್ತೆ ಕೂಡಿಸಬೇಕು. ಎಣ್ಣೆಯೂ ಒಂದೇ ಬಗೆಯದಲ್ಲ. ಅತಿ ವೇಗವಾಗಿ ಅತ್ತಿತ್ತ ಹೊರಳುವ ಬ್ಯಾಲೆನ್ಸ್ ಚಕ್ರದ ತುದಿಗೆ ತೆಳು ಎಣ್ಣೆ, ಕೀ ಕೊಡುವ ಭಾಗಗಳಿಗೆ ದಪ್ಪ ಗ್ರೀಸ್. ಕೂಡಿಸಿದ ಮೇಲೆ ವಾಚನ್ನು ಒಂದು ಯಂತ್ರದ ಮೈಕಿಗೆ ಆನಿಸಿ ಅದರ ಟಿಕ್‌ಟಿಕ್ ಕೇಳಿಸಿಕೊಳ್ಳುತ್ತಾರೆ. ಇಂದಿನ ಬಹಳಷ್ಟು ಸ್ವಿಸ್ ವಾಚುಗಳು ಗಂಟೆಗೆ 28,800 ಸಲ, ಅಂದರೆ ಸೆಕೆಂಡಿಗೆ 8 ಸಲ ಬಡಿಯುತ್ತವೆ. ವಾಚನ್ನು ಅಂಗಾತ ಮಲಗಿಸಿದಾಗ ಬ್ಯಾಲೆನ್ಸ್ ಚಕ್ರ 270ರಿಂದ 300 ಡಿಗ್ರಿಯಷ್ಟು ಹೊರಳಿದರೆ ಆರೋಗ್ಯ ಸರಿಯಿದೆ, 200ಕ್ಕಿಂತ ಕೆಳಗಿಳಿದರೆ ಮತ್ತೆ ಬಿಚ್ಚಬೇಕು.

ಇಷ್ಟು ಕೆಲಸ ನಡೆದರೂ ಕೆಟ್ಟದ್ದು ಯಾವುದೂ ಇಲ್ಲ. ‘ದುರಸ್ತ್’ ಎಂದರೆ ಪಾರಸಿಯಲ್ಲಿ ಸರಿ, ನೆಟ್ಟಗೆ ಎಂದರ್ಥ. ಕನ್ನಡದ ಕಿವಿಗೂ ದುರಸ್ತಿ ಎಂದರೆ ಮೊದಲು ಏನೋ ಕೆಟ್ಟಿರಬೇಕು. ‘ನನ್ನ ವಾಚು ಕೆಟ್ಟೇ ಇಲ್ಲ, ಇಷ್ಟು ದುಡ್ಡು ಏಕೆ?’ ಎಂದು ಗ್ರಾಹಕರು ಕೇಳುವುದು ನ್ಯಾಯವೇ. ನಿರ್ವಹಣೆ ಎಂದರೆ ಸರ್ಕಾರಿ ಕಡತದ ವಾಸನೆ. ಸ್ಕೂಟರಿಗೆ, ಕಾರಿಗೆ ಎಲ್ಲರೂ ಸರ್ವಿಸ್ ಎನ್ನುತ್ತಿರುವಾಗ ವಾಚಿಗೆ ಮಾತ್ರ ಸಂಸ್ಕೃತದ ಪದ ಹುಡುಕುವ ಉಮೇದು ನನಗಿಲ್ಲ. ಮುರಿದ ಅಚ್ಚು, ತುಂಡಾದ ಸ್ಪ್ರಿಂಗು ಬದಲಿಸುವುದಕ್ಕೆ ದುರಸ್ತಿ ಸರಿಯಾಗಿಯೇ ಒಪ್ಪುತ್ತದೆ. (ಮರಾಮತ್ತು ಎಂಬ ಒಳ್ಳೆಯ ಪದ ಒಂದಿತ್ತು, ಅದನ್ನು ರಸ್ತೆ ಸೇತುವೆಗಳಿಗೆ ಬಿಟ್ಟುಕೊಟ್ಟು ಆಮೇಲೆ ಅಲ್ಲಿಯೂ ಕಳೆದುಕೊಂಡೆವು.)

ಇನ್ನು ಜೀರ್ಣೋದ್ಧಾರ. ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ದೇವಾಲಯದಲ್ಲಿ ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವನ್ನು ಎತ್ತಿ ನಿಲ್ಲಿಸಲು ಬಿಟ್ಟ ದತ್ತಿ ಅದು. ಅರ್ಥ ಸೊಗಸಾಗಿದೆ. ಆದರೆ ಇವತ್ತು ‘ನಮ್ಮೂರ ದೇವಸ್ಥಾನ ಜೀರ್ಣೋದ್ಧಾರವಾಯಿತು’ ಎಂದರೆ ಕಣ್ಣಿಗೆ ಬರುವುದು ಏನು? ಕಲ್ಲುಕಂಬಕ್ಕೆ ಎನಾಮಲ್ ಬಣ್ಣ, ನೆಲಕ್ಕೆ ಗ್ರಾನೈಟ್. ಈ ಪದವನ್ನು ಓದಿ ಸಹಿ ಹಾಕಿದವರು ವಾಚು ಫಳಫಳ ಹೊಳೆಯುತ್ತ ಬರಲಿ ಎಂದೇ ನಿರೀಕ್ಷಿಸುತ್ತಾರೆ.

ಹಳೆಯ ವಾಚುಗಳ ವಿಷಯ ಬಲ್ಲವರು ಬೆಚ್ಚುವುದು ಆ ಹೊಳಪಿಗೇ. ಕೇಸಿಗೆ, ಅಂದರೆ ವಾಚಿನ ಲೋಹದ ಹೊರಕವಚಕ್ಕೆ, ಪಾಲಿಶ್ ಮಾಡಿದಾಗಲೆಲ್ಲ ಒಂದಿಷ್ಟು ಲೋಹ ಸವೆದು ಹೋಗುತ್ತದೆ. ಪಟ್ಟಿಯನ್ನು ಹಿಡಿದುಕೊಳ್ಳುವ ನಾಲ್ಕು ಚಾಚುಗಳ ಅಂಚು ಮೊದಲು ಬೆರಳಿಗೆ ತಾಕುವಷ್ಟು ಚೂಪಾಗಿರುತ್ತದೆ, ಒಂದು ಬದಿ ನುಣುಪು, ಇನ್ನೊಂದು ಬದಿ ಗೆರೆಗೆರೆ. ಅಡ್ಡಾದಿಡ್ಡಿ ಉಜ್ಜಿದರೆ ಅಂಚು ದುಂಡಗಾಗಿ ಎರಡು ಬದಿಯೂ ಒಂದರೊಳಗೊಂದು ಕಲಸಿಹೋಗುತ್ತವೆ. ಡಯಲಿಗೆ ಹೊಸ ಬಣ್ಣ ಬಳಿದು ಅಕ್ಷರ ಅಚ್ಚೊತ್ತುವುದು ಇನ್ನೂ ಅನ್ಯಾಯ. ಹಾಗೆ ಬಣ್ಣ ಬಳಿದು ನಮ್ಮ ದೇಶದಿಂದ ಹೊರಹೋಗುವ ಹಳೆಯ ವಾಚುಗಳಿಗೆ ಸಂಗ್ರಾಹಕರ ಲೋಕದಲ್ಲಿ ‘ಮುಂಬೈ ಸ್ಪೆಷಲ್’ ಎಂದೇ ಹೆಸರು. ಅದು ಹೊಗಳಿಕೆಯಲ್ಲ.

ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು. ಅದರ ಹಿಂಬದಿಯಲ್ಲಿ ಅವರ ಪತ್ನಿ ‘ಜೋಪಾನವಾಗಿ ಕಾರು ಓಡಿಸು, ನಾನು’ ಎಂಬರ್ಥದ ಮೂರು ಇಂಗ್ಲಿಷ್ ಪದಗಳನ್ನು ಕೆತ್ತಿಸಿದ್ದರು. ಹುರುಪಿನ ಪಾಲಿಶ್‌ಗಾರನೊಬ್ಬ ಆ ಗೆರೆಗಳನ್ನು ಮಸುಕು ಮಾಡಿದ್ದರೆ ಹರಾಜಿನ ಕತೆಯೇ ಬೇರೆಯಾಗುತ್ತಿತ್ತು.

ಹಾಗಾಗಿ ಇಲ್ಲಿ ಪದದ ಆಯ್ಕೆಗೆ ದುಡ್ಡಿನ ತೂಕವಿದೆ. ಕೆಲಸ ಒಮ್ಮೆ ಆಯಿತೆಂದರೆ ಹಿಂದಕ್ಕೆ ತರಲಾಗದು. ಪತ್ರಿಕೆಗಳ ಮೆಚ್ಚಿನ ‘ಕಾಯಕಲ್ಪ’ವನ್ನು ನಾನು ಮೊದಲೇ ಹೊಡೆದುಹಾಕಿದೆ. ಮುದುಕನನ್ನು ತರುಣನನ್ನಾಗಿಸುವುದು ಅದರ ಅರ್ಥ, ನಮಗೆ ಬೇಕಾಗಿರುವುದು ಮುದುಕನಾಗಿಯೇ ಚುರುಕಾಗಿ ನಡೆಯುವವನು. ‘ಪುನಶ್ಚೇತನ’ ರೋಗಗ್ರಸ್ತ ಕಾರ್ಖಾನೆಗಳಿಗೆ ಮೀಸಲಾಗಿಬಿಟ್ಟಿದೆ. ಸದ್ಯಕ್ಕೆ ರೆಸ್ಟೊರೇಶನ್ ಎಂಬ ಒಂದೇ ಸಾಲನ್ನು ಎರಡಾಗಿ ಒಡೆದು ಹೀಗೆ ಬರೆದಿದ್ದೇನೆ:

‘ಮೂಲರೂಪ ಸಂರಕ್ಷಣೆ: ಮೆಷಿನ್ ಮಾತ್ರ ಸರಿಪಡಿಸಲಾಗುವುದು. ಡಯಲ್, ಮುಳ್ಳು, ಕೇಸುಗಳನ್ನು ಇದ್ದಂತೆಯೇ ಉಳಿಸಲಾಗುವುದು.’

‘ನವೀಕರಣ: ಕೇಸಿಗೆ ಪಾಲಿಶ್, ಡಯಲಿಗೆ ಹೊಸ ಬಣ್ಣ. ಆಮೇಲೆ ಹಳೆಯ ಸ್ಥಿತಿಗೆ ತರಲು ಸಾಧ್ಯವಿಲ್ಲ.’

ಎರಡನೆಯದರಲ್ಲಿ ನನಗೆ ಗೊಂದಲವಿಲ್ಲ. ಮೊದಲನೆಯದರಲ್ಲಿ ಇದೆ. ಸಂರಕ್ಷಣೆ ಎಂದರೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಂತೆ ಕೇಳಿಸುತ್ತದೆ. ವಾಚು ಓಡಬೇಕು, ಅದಕ್ಕಾಗಿ ಕೆಲವೊಮ್ಮೆ ಹೊಸ ಭಾಗವನ್ನೇ ಮಾಡಿ ಕೂರಿಸಬೇಕು. ಪಾಟೆಕ್ ಫಿಲಿಪ್ ಕಂಪನಿ 1839ರಿಂದ ಈಚೆಗೆ ತಾನು ಮಾಡಿದ ಯಾವ ವಾಚನ್ನಾದರೂ ಸರಿಮಾಡಿಕೊಡುವುದಾಗಿ ಹೇಳುತ್ತದೆ. ಅಷ್ಟು ಹಳೆಯ ಭಾಗಗಳೆಲ್ಲ ಕಪಾಟಿನಲ್ಲಿ ಸಿದ್ಧವಾಗಿ ಸಿಗುವಂಥವಲ್ಲ. ಮುರಿದದ್ದನ್ನು, ಬಿರುಕು ಬಿಟ್ಟದ್ದನ್ನು ಮಾತ್ರ ಸರಿಪಡಿಸಿ ಉಳಿದದ್ದನ್ನು ಮುಟ್ಟದೆ ಬಿಡುವ ಈ ಕ್ರಮಕ್ಕೆ ಶಾಸನದ ಆ ಹಳೆಯ ಅರ್ಥವೇ ಹೆಚ್ಚು ಹತ್ತಿರ. ಗ್ರಾನೈಟಿನ ಕೆಳಗಿನಿಂದ ಆ ಪದವನ್ನು ಮತ್ತೆ ಎತ್ತಿಕೊಳ್ಳಲು ಆದೀತೇ? ಶಾಸನ ಓದಿದವರು ದಯವಿಟ್ಟು ಹೇಳಬೇಕು.

ಇನ್ನೊಂದು ಪದ. ಹಿಂದೆ ಡಯಲಿನ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ, ಆಮೇಲೆ ಟ್ರಿಟಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ಅದು ದಶಕಗಳಲ್ಲಿ ಕೆನೆಬಣ್ಣಕ್ಕೆ, ಕಂದುಬಣ್ಣಕ್ಕೆ ತಿರುಗುತ್ತದೆ. ಕರಡಿನಲ್ಲಿ ಅದಕ್ಕೆ ‘ಕಿಲುಬು’ ಎಂದಿದೆ. ಕಿಲುಬು ಹುಣಸೆಹಣ್ಣು ಹಾಕಿ ಉಜ್ಜಬೇಕಾದದ್ದು, ಇದು ಹಾಗಲ್ಲ. ‘ಮಾಸಿದ ಡಯಲ್’ ಎಂದರೆ ಒಗೆಯಬೇಕೆನಿಸುತ್ತದೆ. ‘ಮಾಗಿದ ಡಯಲ್’ ಎಂದು ಬರೆದಿದ್ದೇನೆ. ಮಾಗುವುದು ಹಣ್ಣಿಗೆ, ಮನಸ್ಸಿಗೆ ಆಗುವುದಾದರೆ ಬಣ್ಣಕ್ಕೂ ಆಗಬಹುದು ಎಂಬ ಧೈರ್ಯ. ಅತಿಯಾಯಿತೇ?

ಕೊನೆಯದಾಗಿ ಆ ‘ಕಿರೀಟ’, ಅಂದರೆ ಇಂಗ್ಲಿಷಿನವರು ಕ್ರೌನ್ ಎನ್ನುವ ವಾಚಿನ ಬದಿಯ ಗುಂಡಿ. ನಮ್ಮ ಕಡೆ ವಾಚಿಗೆ ಕೀ ಕೊಡುತ್ತೇವೆ, ತಿರುಗಿಸುವ ಗುಂಡಿಯೂ ಕೀಯೇ. ಧಾರವಾಡ, ಕಲಬುರಗಿ ಕಡೆಯವರು ಚಾವಿ ಎನ್ನುವುದು ಗೊತ್ತು. ಅಲ್ಲಿ ಗುಂಡಿಗೂ ಚಾವಿಯೇ, ಅಥವಾ ಅದಕ್ಕೆ ಬೇರೆ ಪದವಿದೆಯೇ? ಕರಾವಳಿಯ ವಾಚಿನಂಗಡಿಗಳಲ್ಲಿ ಏನೆನ್ನುತ್ತಾರೆ? ಮುದ್ರಣಕ್ಕೆ ಇನ್ನೂ ಸಮಯವಿದೆ, ಬಲ್ಲವರು ಬರೆಯಿರಿ.